ಹತ್ತಕ್ಕೆ ನಾಲ್ಕೂವರೆ

ಮಾತಾಡುತ್ತಿರುವವರು ಇಬ್ಬರು. ಮಾವ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದಾರೆ. ಅಳಿಯನಿಗೆ ಹಳೆಯ ಕಾಮಿಕ್ಸ್ ಸಂಗ್ರಹಿಸುವ ಚಟ. ಊಟದ ಮೇಜಿನ ಮೇಲೆ ಆಗಷ್ಟೇ ಬಿಚ್ಚಿದ ಪೆಟ್ಟಿಗೆ, ಅದರ ಪಕ್ಕದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂತ ಒಂದು ಕಾಮಿಕ್ ಪುಸ್ತಕ.

ಮಾವ: ಇದೇನು, ಮೂಲೆಯಲ್ಲಿ 4.5 ಅಂತ ಇದೆ? ಬೆಲೆಯಾ?

ಅಳಿಯ: ಬೆಲೆ ಅಲ್ಲ ಮಾವ, ಗ್ರೇಡು. ಹತ್ತಕ್ಕೆ ನಾಲ್ಕೂವರೆ.

ಮಾವ: ನಮ್ಮ ಕಾಲದಲ್ಲಿ ಇದನ್ನ ಥರ್ಡ್ ಕ್ಲಾಸ್ ಅಂತಿದ್ರು. ಮಾರ್ಕ್ಸ್ ಕಾರ್ಡ್ ಅಪ್ಪನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡ್ತಿದ್ವಿ. ನೀವು ನೋಡಿದ್ರೆ ದುಡ್ಡು ಕೊಟ್ಟು ಮಾರ್ಕ್ಸ್ ಹಾಕಿಸಿಕೊಂಡು, ಗೋಡೆಗೆ ನೇತುಹಾಕೋಕೆ ಮೊಳೆ ಹುಡುಕ್ತಿದ್ದೀರಿ.

ಅಳಿಯ: ಐವತ್ತು ವರ್ಷದ ಹಿಂದಿನ ಅಗ್ಗದ ಕಾಗದ ಇದು. ಯಾರೋ ಹುಡುಗ ಓದಿ, ಮಡಚಿ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ್ದು. ಇದಕ್ಕೆ ನಾಲ್ಕೂವರೆ ಅಂದ್ರೆ ಮರ್ಯಾದಸ್ತ ಅಂಕ. ಅರ್ಧದಿಂದ ಶುರುವಾಗಿ ಹತ್ತಕ್ಕೆ ಮುಗಿಯೋ ಪಟ್ಟಿ ಅದು. ಇವತ್ತು ಬೆಳಿಗ್ಗೆ ಅಂಗಡಿಗೆ ಬಂದ ಹೊಸ ಸಂಚಿಕೆಗೂ 9.8 ಸಿಕ್ಕಿದ್ರೆ ಜನ ಖುಷಿಪಡ್ತಾರೆ.

ಮಾವ: ಯಾವ ಪುಸ್ತಕ ಇದು?

ಅಳಿಯ: ಮಾರ್ವೆಲ್‌ನವರ ‘ಇನ್‌ಕ್ರೆಡಿಬಲ್ ಹಲ್ಕ್’, 181ನೇ ಸಂಚಿಕೆ. 1974ರ ನವೆಂಬರ್‌ದು. ಆಗ 25 ಸೆಂಟು. ವೂಲ್ವರಿನ್ ಅನ್ನೋ ಹೀರೋ ಪೂರ್ತಿಯಾಗಿ ಕಥೆಗೆ ಇಳಿದದ್ದು ಇದರಲ್ಲೇ ಮೊದಲು. ಹಿಂದಿನ ಸಂಚಿಕೆಯ ಕೊನೆಯಲ್ಲಿ ಸುಮ್ಮನೆ ಒಮ್ಮೆ ಮುಖ ತೋರಿಸಿ ಹೋಗಿದ್ದ, ಅಷ್ಟೆ.

ಮಾವ: ಸರಿ, ಯಾವಾಗ ಮಾರ್ತೀರಿ?

ಅಳಿಯ: ಮಾರಲ್ಲ.

ಮಾವ: ಮಾರಲ್ಲ?

ಅಳಿಯ: ಮಾರೋ ಯೋಚನೇನೇ ಇಲ್ಲ ಮಾವ.

ಮಾವ: ನಾನು ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕೂತವನು. ಮಾರೋಕೆ ಬೆಲೆ ಕಟ್ಟಿಸ್ತಾರೆ, ಅಡ ಇಡೋಕೆ ಕಟ್ಟಿಸ್ತಾರೆ, ಅಣ್ಣತಮ್ಮಂದಿರು ಪಾಲಾಗುವಾಗ ಕಟ್ಟಿಸ್ತಾರೆ. ಈ ಮೂರೂ ಇಲ್ಲದೆ ಬೆಲೆ ಕಟ್ಟಿಸಿದವರನ್ನ ನಾನು ಕಂಡಿಲ್ಲ. (ಸ್ವಲ್ಪ ತಡೆದು) ಇಲ್ಲ, ಕಂಡಿದ್ದೀನಿ. ಆ ಮಾತು ಆಮೇಲೆ. ಮೊದಲು ನಿಮ್ಮ ಲೆಕ್ಕ ಹೇಳಿ.

ಅಳಿಯ: ಬೆಲೆ ಅವರು ಕಟ್ಟೋದೇ ಇಲ್ಲ. ಲೇಬಲ್ ಓದಿ ನೋಡಿ, ಎಲ್ಲೂ ಡಾಲರ್ ಗುರುತಿಲ್ಲ. ಪುಸ್ತಕದ ಹೆಸರು, ಸಂಚಿಕೆ, ತಿಂಗಳು, ಬರೆದವರು ಲೆನ್ ವೀನ್, ಚಿತ್ರ ಹರ್ಬ್ ಟ್ರಿಂಪ್, ಒಳಪುಟದ ಕಾಗದ ಎಷ್ಟು ಬಿಳಿ ಉಳಿದಿದೆ ಅನ್ನೋದು, ಈ ಪ್ರತಿಗೇ ಅಂತ ಒಂದು ನಂಬರು, ಆಮೇಲೆ ಈ ನಾಲ್ಕೂವರೆ. ಪುಸ್ತಕ ಯಾವ ಸ್ಥಿತಿಯಲ್ಲಿದೆ ಅನ್ನೋದಷ್ಟೇ ಅವರ ತಲೆಬೇನೆ. ಇವತ್ತಿನ ಬೆಲೆ ನಾಳೆ ಇರಲ್ಲ, ಸ್ಥಿತಿ ಇರುತ್ತೆ.

ಮಾವ: ‘ಅವರು’ ಅಂದ್ರೆ?

ಅಳಿಯ: ಸಿಜಿಸಿ ಅಂತ ಒಂದು ಕಂಪನಿ, ಫ್ಲಾರಿಡಾದ ಸರಸೋಟಾದಲ್ಲಿ. 2000ದಲ್ಲಿ ಶುರುವಾಯ್ತು. ಈಗ ಬೇರೆಯವರೂ ಇದ್ದಾರೆ, ಆದರೆ ದಾರಿ ಮಾಡಿದವರು ಇವರು. ಅದಕ್ಕೆ ಮುಂಚೆ ಹೇಗಿತ್ತು ಅಂದ್ರೆ, ಮಾರೋನು ಹೇಳಿದ್ದೇ ಗ್ರೇಡು. 1970ರಿಂದ ಓವರ್‌ಸ್ಟ್ರೀಟ್ ಅನ್ನೋರ ದರಪಟ್ಟಿ ಪುಸ್ತಕ ಬರ್ತಿತ್ತು. ಯಾವ ಸ್ಥಿತಿಯ ಪುಸ್ತಕಕ್ಕೆ ಎಷ್ಟು ಅಂತ ಅದರಲ್ಲಿ ಇರ್ತಿತ್ತು. ಆದರೆ ಸ್ಥಿತಿ ಯಾವುದು ಅಂತ ತೀರ್ಮಾನ ಮಾಡೋನು ಯಾರು? ಮಾರುವಾಗ ‘ಹೊಸದರ ಹಾಗಿದೆ’, ಅದೇ ಮನುಷ್ಯ ಅದನ್ನೇ ಕೊಳ್ಳುವಾಗ ‘ಅಯ್ಯೋ, ಬೆನ್ನು ಸೀಳಿದೆಯಲ್ಲ’.

ಮಾವ: (ನಗುತ್ತಾ) ಇದು ದನದ ಜಾತ್ರೆಯಿಂದ ಸೈಟ್ ಬ್ರೋಕರ್‌ವರೆಗೆ ಎಲ್ಲಾ ಕಡೆ ಇರೋದೇ. ಸರಿ, ಹಾಗಿದ್ರೂ ಅದು ಕೊಳ್ಳುವ ಹೊತ್ತಿನ ತಾಪತ್ರಯ. ನೀವು ಕೊಂಡು ಆಗಿದೆ. ಮಾರಲ್ಲ ಅಂತೀರಿ. ಇನ್ನು ಯಾವನು ಏನು ಅಂದರೆ ನಿಮಗೇನು?

ಅಳಿಯ: ನನಗೆ ನಾನೇ ಸುಳ್ಳು ಹೇಳ್ಕೊಳ್ತೀನಲ್ಲ, ಅದು ನಿಲ್ಲಬೇಕಲ್ಲ. ಎಷ್ಟೋ ದಿನ ಕಾದು ಕೊಂಡ ಪುಸ್ತಕ. ನನ್ನ ಕಣ್ಣಿಗೆ ಅದರ ಮಡಿಕೆ ಕಾಣಲ್ಲ. ಕಂಡ್ರೂ ‘ಇದೇನು ಮಹಾ’ ಅನ್ನಿಸುತ್ತೆ. ಅದೇ ಇನ್ನೊಬ್ಬನ ಪುಸ್ತಕದಲ್ಲಿ ಕೂದಲೆಳೆ ಗೆರೆ ಇದ್ದರೂ ಮಾರು ದೂರದಿಂದ ಹೇಳ್ತೀನಿ.

ಮಾವ: ಈಗ ನನ್ನ ಮಾತು ಹೇಳ್ತೀನಿ. ನಾನು ತೀರ್ಥಹಳ್ಳಿ ಕಡೆ ಒಂದು ಬ್ರಾಂಚಿನಲ್ಲಿದ್ದಾಗ ಚಿನ್ನದ ಸಾಲಕ್ಕೆ ಅಪ್ರೈಸರ್ ಒಬ್ಬರು ಬರ್ತಿದ್ರು. ಕಸುಬಿನಲ್ಲಿ ಅಕ್ಕಸಾಲಿ. ಒರೆಗಲ್ಲು, ಆಸಿಡ್ ಬಾಟಲಿ, ಚಿಕ್ಕ ತಕ್ಕಡಿ ಇಟ್ಕೊಂಡು ಮೂಲೆಯಲ್ಲಿ ಕೂರೋರು. ಒಂದು ದಿನ ವಯಸ್ಸಾದ ಹೆಂಗಸು ಬಂದು ಎರಡೆಳೆ ಸರ ಬಿಚ್ಚಿ ಕೊಟ್ರು. ಅವರು ಉಜ್ಜಿ ನೋಡಿ, ತೂಕ ಹಾಕಿ, ಇಷ್ಟು ಕ್ಯಾರೆಟ್ಟು, ಇಷ್ಟು ಗ್ರಾಮು ಅಂದ್ರು. ನಾನು ಸಾಲದ ಫಾರಂ ಮುಂದಿಟ್ಟೆ. ಆಯಮ್ಮ ಸರ ಮತ್ತೆ ಕೊರಳಿಗೆ ಹಾಕ್ಕೊಂಡು, ‘ಸಾಲ ಬ್ಯಾಡ ಸ್ವಾಮಿ, ನಮ್ಮತ್ತೆ ಮದುವೇಲಿ ಹಾಕಿದ್ದು, ನಿಜವಾ ಸುಳ್ಳಾ ತಿಳ್ಕಬೇಕಿತ್ತು’ ಅಂತ ಎದ್ದು ಹೊರಟ್ರು. ಅಪ್ರೈಸರಿಗೆ ಸಿಟ್ಟು, ಅವರಿಗೆ ಸಿಗೋದು ಸಾಲದ ಮೇಲಿನ ಕಮಿಷನ್ ತಾನೆ.

ಅಳಿಯ: ಅತ್ತೆಯಂತೂ ಅಷ್ಟೊತ್ತಿಗೆ ತೀರಿಕೊಂಡಿರಬೇಕು.

ಮಾವ: ಯಾವಾಗಲೋ. ಸರ ನಿಜವಾದ್ದು ಅಂತ ಗೊತ್ತಾಗಿ ಆಯಮ್ಮನಿಗೆ ಬಂದ ಲಾಭ ಸೊನ್ನೆ. ಆದರೂ ಬಸ್ ಹತ್ತಿಕೊಂಡು ಬಂದಿದ್ರು. ಅದಕ್ಕೇ, ನೀವು ಹೇಳೋದು ನನಗೆ ಪೂರ್ತಿ ಹುಚ್ಚು ಅನ್ನಿಸ್ತಿಲ್ಲ. ಅರ್ಧ ಅನ್ನಿಸ್ತಿದೆ. ಈ ಫ್ಲಾರಿಡಾದವರು ಉಜ್ಜಿ ನೋಡೋದು ಹೇಗೆ?

ಅಳಿಯ: ಪುಸ್ತಕ ಬಂದ ಮೇಲೆ ಮೊದಲ ಕೆಲಸ ಪುಟ ಎಣಿಸೋದು.

ಮಾವ: ಪುಟ ಎಣಿಸೋಕೆ ಫ್ಲಾರಿಡಾಕ್ಕೆ ಕಳಿಸಬೇಕೇ? ನನಗೆ ಕೊಟ್ಟಿದ್ದರೆ ಎಣಿಸಿ ಕೊಡ್ತಿದ್ದೆ. ನೋಟು ಎಣಿಸಿದ ಕೈ.

ಅಳಿಯ: ನಗಬೇಡಿ, ಇದೇ ಸಂಚಿಕೆಯ ಕಥೆ ಹೇಳ್ತೀನಿ. 1974ರಲ್ಲಿ ಮಾರ್ವೆಲ್‌ನವರು ಮಕ್ಕಳಿಗೆ ಒಂದು ಆಸೆ ಹಚ್ಚಿದ್ರು. ಪತ್ರಗಳ ಪುಟದಲ್ಲಿ ಚಿಕ್ಕದೊಂದು ಚಿತ್ರ ಅಚ್ಚುಹಾಕೋರು, ಅಂಚೆಚೀಟಿ ಥರದ್ದು. ‘ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್’ ಅಂತ ಹೆಸರು. ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ ಅಂತ ಅವರೇ ಹೇಳಿದ್ರು. ಮಕ್ಕಳು ಬಿಡ್ತಾರಾ? ಕತ್ತರಿ ಹಿಡಿದು ಕೂತ್ರು. ಆ ಸಂಚಿಕೆಗೆ ಮುಂದೆ ಈ ಪರಿ ಬೆಲೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಈಗ 181 ಅಂತ ಯಾರಾದರೂ ಹೇಳಿದ ಕೂಡಲೇ ಕೊಳ್ಳೋನು ಕೇಳೋ ಮೊದಲ ಪ್ರಶ್ನೆ, ‘ಸ್ಟ್ಯಾಂಪ್ ಇದೆಯಾ?’ ಮುಖಪುಟ ಫಳಫಳ ಹೊಳೀತಿರುತ್ತೆ, ಒಳಗೆ ಒಂದು ಪುಟದಲ್ಲಿ ಕಿಟಕಿ.

ಮಾವ: ಇದರಲ್ಲಿ ಇದೆಯಾ?

ಅಳಿಯ: ಇದೆ. ಇಲ್ಲದಿದ್ರೆ ಲೇಬಲ್ಲಿನ ಮೇಲೆ ಬರೀತಿದ್ರು. ಮಾಮೂಲಿ ನೀಲಿ ಬದಲು, ಕೊರತೆ ಇದೆ ಅಂತ ಹೇಳೋ ಹಸಿರು ಲೇಬಲ್ ಬರಬಹುದಿತ್ತು, ಇಲ್ಲವೇ ಅಂಕ ಪಾತಾಳಕ್ಕೆ. ಇನ್ನೊಂದು ಹಗರಣ ಇದೆ. ಒಂದು ಹರಕು ಪುಸ್ತಕದ ಒಳಪುಟ ತೆಗೆದು ಇನ್ನೊಂದಕ್ಕೆ ಹಾಕೋದು. ಪಿನ್ನು ಬಿಚ್ಚಿ, ಪುಟ ಸೇರಿಸಿ, ಅದೇ ತೂತಿಗೆ ಮತ್ತೆ ಪಿನ್ನು. ನಮ್ಮಂಥೋರ ಕಣ್ಣಿಗೆ ಬೀಳಲ್ಲ. ದಿನವಿಡೀ ಅದನ್ನೇ ನೋಡೋರಿಗೆ ಕಾಗದದ ಬಣ್ಣ, ಅಂಚಿನ ಅಳತೆ ಹೊಂದದೆ ಇರೋದು ಗೊತ್ತಾಗುತ್ತೆ. ಒಬ್ಬರಲ್ಲ, ಒಬ್ಬರಾದ ಮೇಲೆ ಒಬ್ಬರು ನೋಡ್ತಾರೆ. ವ್ಯಾಪಾರಕ್ಕೆ ಅಂತ ಕಾಮಿಕ್ಸ್ ಕೊಂಡು ಮಾರೋ ಹಾಗಿಲ್ಲ ಅವರು.

ಮಾವ: ಅದು ಸರಿಯಾದ ನಿಯಮ. ನಮ್ಮ ಅಪ್ರೈಸರಿಗೆ ಊರಿನಲ್ಲಿ ಸ್ವಂತ ಅಂಗಡಿ ಇತ್ತು. ಅದರಿಂದ ಆದ ರಾದ್ಧಾಂತ ಬೇರೆ. ಮುಂದೆ?

ಅಳಿಯ: ಮುಂದಿನದೇ ನನಗೆ ಮುಖ್ಯವಾದದ್ದು. ರಿಪೇರಿ. ಮುಖಪುಟದ ಬಣ್ಣ ಕಿತ್ತುಹೋದ ಕಡೆ ಪೆನ್ನಿನಿಂದಲೋ ಬಣ್ಣದಿಂದಲೋ ತುಂಬಿರ್ತಾರೆ. ಹರಿದ ಮೂಲೆಗೆ ಬೇರೆ ಕಾಗದ ಸೇರಿಸಿರ್ತಾರೆ. ಅಂಚು ಸವೆದಿದೆ ಅಂತ ಬ್ಲೇಡಿನಲ್ಲಿ ಒಂದು ಎಳೆ ಕತ್ತರಿಸಿ ನೆಟ್ಟಗೆ ಮಾಡಿರ್ತಾರೆ. ಇಂಥದ್ದು ಕಂಡರೆ ನೇರಳೆ ಲೇಬಲ್. ಏನು ಮಾಡಿದ್ದಾರೆ, ಎಷ್ಟು ಮಾಡಿದ್ದಾರೆ ಅಂತ ಅದರ ಮೇಲೇ ಬರೆದಿರುತ್ತೆ. ಅಂಥ ಪುಸ್ತಕಕ್ಕೆ 8 ಬಂದರೂ ಜನ ಮುಖ ಸಿಂಡರಿಸ್ತಾರೆ.

ಮಾವ: ಒಂದು ನಿಮಿಷ. ಅಂಚು ಕತ್ತರಿಸೋದು ತಪ್ಪಾ?

ಅಳಿಯ: ಈ ಲೋಕದಲ್ಲಿ ಅದಕ್ಕಿಂತ ದೊಡ್ಡ ಪಾಪ ಕಡಿಮೆ.

ಮಾವ: ಹಾಗಾದ್ರೆ ನಾನು ಮಹಾಪಾಪಿ. ನನ್ನ ಇಂದ್ರಜಾಲ್ ಕಾಮಿಕ್ಸ್ ಗೊತ್ತಲ್ಲ? ಕನ್ನಡದ್ದು. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರುಮಾಡಿದ್ದು, ಫ್ಯಾಂಟಮ್, ಮಾಂಡ್ರೇಕ್. ತಿಂಗಳ ಖರ್ಚಿನಲ್ಲಿ ಉಳಿಸಿ ಉಳಿಸಿ ಕೊಂಡಿದ್ದು. ಒಂದಷ್ಟು ಸೇರಿದ ಕೂಡಲೇ ಬೈಂಡರ್ ಹತ್ತಿರ ಒಯ್ಯೋದು. ಅವನು ಪಿನ್ನು ಕಿತ್ತು, ದಬ್ಬಳದಲ್ಲಿ ಚುಚ್ಚಿ, ದಾರ ಹೊಲಿದು, ಮೈದಾ ಅಂಟು ಬಳಿದು, ರಟ್ಟು ಹಾಕಿ, ಮೇಲೆ ಕ್ಯಾಲಿಕೊ ಬಟ್ಟೆ. ಕೊನೆಗೆ ಮೂರೂ ಕಡೆ ಅಂಚು ಕಟಿಂಗ್ ಮೆಷಿನ್‌ಗೆ ಕೊಟ್ಟು ನೆಟ್ಟಗೆ ಮಾಡೋನು. ಆ ಹೊಸ ಅಂಚಿನ ಮೇಲೆ ಬೆರಳಾಡಿಸಿದ್ರೆ ಏನು ಸುಖ ಅಂತೀರಿ! ಬೆನ್ನಿಗೆ ಹೆಸರು ಬೇರೆ ಚಿನ್ನದ ಬಣ್ಣದಲ್ಲಿ.

ಅಳಿಯ: ನೇರಳೆ ಕೂಡ ಸಿಗೋದು ಕಷ್ಟ ಮಾವ.

ಮಾವ: ಸಿಗದೇ ಇರಲಿ ಬಿಡಿ. ನಮ್ಮಲ್ಲಿ ಬೈಂಡ್ ಮಾಡಿಸಿದ್ದು ಹಾಳುಮಾಡೋಕಲ್ಲ, ಉಳಿಸೋಕೆ. ಬಿಡಿಬಿಡಿಯಾಗಿ ಇಟ್ಟಿದ್ದರೆ ಬೀದಿ ಮಕ್ಕಳೆಲ್ಲ ಒಂದೊಂದು ಒಯ್ದು, ಮಳೆಗಾಲ ಬಂದಾಗ ಹೆಂಡತಿ ಉಳಿದದ್ದನ್ನ ರದ್ದಿಗೆ ಹಾಕಿರೋಳು. ಬೈಂಡ್ ಆದ್ದರಿಂದ ಪುಸ್ತಕ ಅನ್ನಿಸಿಕೊಂಡು ಬೀರುವಿನಲ್ಲಿ ಜಾಗ ಗಿಟ್ಟಿಸ್ತು. ನಿಮ್ಮ ಹೆಂಡತಿ ಓದು ಕಲಿತದ್ದೇ ಅದರಲ್ಲಿ.

ಅಳಿಯ: ಅದನ್ನ ನಾನು ಅಲ್ಲಗಳೆಯೋದಿಲ್ಲ. ನಿಮ್ಮ ಬೈಂಡರು ಓದುವ ಪುಸ್ತಕ ಮಾಡಿಕೊಟ್ಟ. ನನಗೆ ಬೇಕಾದ್ದು 1974ರಲ್ಲಿ ಅಚ್ಚಿನಿಂದ ಹೊರಬಂದ ವಸ್ತು, ಅದು ಪಟ್ಟ ಪಾಡು ಸಮೇತ. ಮಡಿಕೆ ಇರಲಿ, ಯಾವನೋ ಹುಡುಗನ ಹೆಸರು ಪೆನ್ಸಿಲ್‌ನಲ್ಲಿ ಇರಲಿ, ತಕರಾರಿಲ್ಲ. ಆಮೇಲೆ ಯಾರೋ ಗುಟ್ಟಾಗಿ ಮಾಡಿದ ಅಲಂಕಾರ ಮಾತ್ರ ಬೇಡ. ಇದ್ದರೂ ಪರವಾಗಿಲ್ಲ, ಇದೆ ಅಂತ ನನಗೆ ಗೊತ್ತಿರಬೇಕು.

ಮಾವ: ಈಗ ನನ್ನ ದೊಡ್ಡ ತಕರಾರು. ತಿಳಿಯಬೇಕಿತ್ತು, ತಿಳೀತು. ಆಯಮ್ಮ ಸರ ವಾಪಸ್ ಕೊರಳಿಗೆ ಹಾಕ್ಕೊಂಡ್ರು. ನೀವು ಇದನ್ನ ಏನು ಮಾಡ್ತೀರಿ? (ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿ) ಮುಂದೆ ಒಂದು ಪುಟ, ಹಿಂದೆ ಒಂದು ಪುಟ. ನಡುವೆ ಇರೋ ಕಥೆ ಯಾರಿಗೆ?

ಅಳಿಯ: ಯಾರಿಗೂ ಇಲ್ಲ. ಒಪ್ಪಿಕೊಳ್ತೀನಿ. ಒಡೆಯದೆ ತೆರೆಯೋಕಾಗಲ್ಲ. ಒಡೆದರೆ ಗ್ರೇಡು ರದ್ದು.

ಮಾವ: ಹಾಗಾದರೆ ಇದು ಪುಸ್ತಕ ಹೇಗಾಯ್ತು?

ಅಳಿಯ: ಕಥೆ ಓದಬೇಕಾದರೆ ಬೇರೆ ಮುದ್ರಣಗಳು ಬೇಕಾದಷ್ಟಿವೆ. ಹಳೆಯ ಜಾಹೀರಾತಿನ ಸಮೇತ ಅದೇ ಥರ ಅಚ್ಚುಹಾಕಿದ ಪ್ರತಿಯೂ ಸಿಗುತ್ತೆ. ಮಗನ ಕೈಗೆ ಕೊಟ್ಟಿರೋದು ಅದನ್ನೇ, ಅದರ ಮೇಲೆ ಅವನು ಹಾಲು ಚೆಲ್ಲಿದರೂ ನನಗೆ ನಿದ್ದೆ ಬರುತ್ತೆ. ಈ ಪ್ರತಿಯನ್ನ ಕಳಿಸೋ ಮುಂಚೆ ಒಂದು ಸಲ ಪೂರ್ತಿ ಓದಿದೆ. ಆ ವಾಸನೆ ಇದೆಯಲ್ಲ, ಹಳೇ ನ್ಯೂಸ್‌ಪ್ರಿಂಟ್‌ದು, ಅದು ಮತ್ತೆ ಸಿಗಲ್ಲ ಅನ್ನೋ ಬೇಜಾರು ನನಗೂ ಇದೆ.

ಮಾವ: ಬೇಜಾರಿದ್ದೂ ಕಳಿಸಿದ್ರಿ. ಅಂದ್ರೆ ಕಾಗದ ಉಳಿಯಲಿ ಅಂತ.

ಅಳಿಯ: ಎಲ್ಲರೂ ಹಾಗೇ ಹೇಳ್ತಾರೆ. ನಾನು ಹೇಳಲ್ಲ. ಕಾಗದ ಉಳಿಸೋಕೆ ಈ ಪೆಟ್ಟಿಗೆಯೇ ಬೇಕು ಅನ್ನೋದರಲ್ಲಿ ಹುರುಳಿಲ್ಲ. ಮರದ ತಿರುಳಿನ ಅಗ್ಗದ ಕಾಗದ, ಅದರೊಳಗೇ ಆಮ್ಲ ಇದೆ. ಬಿಸಿಲು, ಸೆಕೆ, ತೇವ ತಾಗಿದಷ್ಟೂ ಹಳದಿಯಾಗುತ್ತೆ, ಮುಟ್ಟಿದರೆ ಪುಡಿಯಾಗುತ್ತೆ. ಒಳ್ಳೆ ಮೈಲಾರ್ ಹಾಳೆಯ ಚೀಲ, ಹಿಂದೆ ಆಮ್ಲವಿಲ್ಲದ ರಟ್ಟು, ತಂಪಾದ ಕತ್ತಲೆ ಕೋಣೆ. ಇಷ್ಟಿದ್ದರೆ ಕಾಗದಕ್ಕೆ ಸಾಕು, ಖರ್ಚೂ ಪುಡಿಗಾಸು. ಇದೇ ಪೆಟ್ಟಿಗೆಯನ್ನ ಬಿಸಿಲು ಬೀಳೋ ಗೋಡೆಗೆ ನೇತುಹಾಕಿದ್ರೆ ಮುಖಪುಟ ಬೆಳ್ಳಗಾಗೋದನ್ನ ಯಾವ ಗ್ರೇಡೂ ತಡೆಯಲ್ಲ. ಬೀಳದ ಹಾಗೆ, ಬಾಗದ ಹಾಗೆ, ಬೆರಳಿನ ಜಿಡ್ಡು ತಾಗದ ಹಾಗೆ ಕಾಯುತ್ತೆ, ಅಷ್ಟರಮಟ್ಟಿಗೆ ಸರಿ.

ಮಾವ: ಮೊಳೆ ಯಾವ ಗೋಡೆಗೆ ಹೊಡೀತಿದ್ದೀರಿ?

ಅಳಿಯ: ಉತ್ತರದ ಗೋಡೆ, ಮೆಟ್ಟಿಲ ಕೆಳಗೆ.

ಮಾವ: ಅಲ್ಲಿ ಯಾರಿಗೂ ಕಾಣಲ್ಲ. ಸರಿ, ಇನ್ಶೂರೆನ್ಸ್?

ಅಳಿಯ: ಅದೊಂದಿದೆ. ಸಂಗ್ರಹಕ್ಕೆ ಅಂತಲೇ ಬೇರೆ ಪಾಲಿಸಿ ಮಾಡಿಸೋರಿಗೆ ಈ ನಂಬರು, ಗ್ರೇಡು, ಫೋಟೋ ಎಲ್ಲಾ ಅನುಕೂಲ. ‘ನನ್ನ ಹತ್ತಿರ ಒಳ್ಳೇ ಪುಸ್ತಕ ಇತ್ತು ಸಾರ್, ನೀರು ನುಗ್ಗಿ ಹೋಯ್ತು’ ಅಂದರೆ ಯಾರು ಕೇಳ್ತಾರೆ? ಕಳುವಿಗೂ ಆಗುತ್ತೆ. ನಟ ನಿಕೋಲಸ್ ಕೇಜ್ ಹತ್ತಿರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಇತ್ತು, 1938ರದ್ದು, ಸೂಪರ್‌ಮ್ಯಾನ್ ಹುಟ್ಟಿದ ಪುಸ್ತಕ. 2000ದಲ್ಲಿ ಕಳುವಾಯ್ತು. 2011ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸ್ಟೋರೇಜ್ ಲಾಕರಿನಲ್ಲಿ ಸಿಕ್ತು. ಅಷ್ಟು ವಿರಳವಾದ ಪ್ರತಿ ಆದ್ದರಿಂದ ಇದು ಅದೇ ಅಂತ ಗುರುತು ಹಿಡಿದ್ರು. ನನ್ನ ಹಲ್ಕ್ ಹಾಗಲ್ಲ, ಗ್ರೇಡ್ ಆಗಿರೋ ಪ್ರತಿಗಳೇ ಹತ್ತು ಸಾವಿರಕ್ಕೂ ಮೇಲಿವೆ. ನಂಬರು ಇಲ್ಲದಿದ್ರೆ ಇದು ನಂದು ಅಂತ ಸಾಧಿಸೋದು ಹೇಗೆ?

ಮಾವ: ಇದು ನನಗೆ ಅರ್ಥವಾಗೋ ಭಾಷೆ. ಆದರೆ ಈ ನಂಬರನ್ನೇ ನಂಬಿ ಕೂರಬೇಡಿ. ಮುದ್ರೆ ಇದ್ದ ಕಡೆ ಮುದ್ರೆ ಒಡೆಯೋನೂ ಇರ್ತಾನೆ.

ಅಳಿಯ: ಇದ್ದ. 2024ರ ಶುರುವಿನಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಪೆಟ್ಟಿಗೆ ನಾಜೂಕಾಗಿ ಬಿಚ್ಚಿ, ಒಳಗಿನ ಒಳ್ಳೆ ಪುಸ್ತಕ ತೆಗೆದು ಕಡಿಮೆಯದನ್ನ ಇಟ್ಟು ಮುಚ್ಚಿದ್ರು. ಕಂಪನಿಯವರೇ ಅನುಮಾನದ ನಂಬರುಗಳ ಪಟ್ಟಿ ಪ್ರಕಟಿಸಬೇಕಾಯ್ತು. ಗಮನಿಸಿ ಮಾವ, ಅದರಿಂದ ಹೊಟ್ಟೆ ಉರಿದದ್ದು ಪೆಟ್ಟಿಗೆ ನೋಡಿ ಕೊಂಡವರಿಗೆ. ನನ್ನಂತೆ ತಾನೇ ಪುಸ್ತಕ ಕಳಿಸಿ ತಾನೇ ವಾಪಸ್ ಪಡೆದು ಗೋಡೆಗೆ ಹಾಕಿದವನಿಗೆ ಏನೂ ಆಗಲಿಲ್ಲ.

ಮಾವ: ಅದೂ ನಿಜ. ಆದರೆ ಎಲ್ಲರೂ ನಿಮ್ಮಷ್ಟು ಸಾಧು ಅಂತ ನನಗೆ ಅನ್ನಿಸಲ್ಲ. ಮೊನ್ನೆ ನಿಮ್ಮ ಸ್ನೇಹಿತರೊಬ್ಬರು ಬಂದಿದ್ರಲ್ಲ, ಮಾರಲ್ಲ ಮಾರಲ್ಲ ಅಂತಲೇ ಬಾಯಿ ತೆರೆದ್ರೆ ‘ನೈನ್ ಪಾಯಿಂಟ್ ಎಯ್ಟ್’.

ಅಳಿಯ: ಅದು ರಿಜಿಸ್ಟ್ರಿ ರೋಗ. ಒಂದು ಮಾಲಿಕೆಯ ಎಲ್ಲಾ ಸಂಚಿಕೆ ಗ್ರೇಡ್ ಮಾಡಿಸಿ ನೋಂದಾಯಿಸಿದ್ರೆ ಯಾರ ಸೆಟ್ ಮೇಲು ಅಂತ ರ‍್ಯಾಂಕ್ ಕೊಡ್ತಾರೆ. ಹಣದ ಆಸೆ ಇಲ್ಲದವನಿಗೂ ಪಕ್ಕದವನಿಗಿಂತ ಒಂದು ದಶಮಾಂಶ ಮೇಲಿರಬೇಕು ಅನ್ನೋ ಆಸೆ ಇರುತ್ತಲ್ಲ. 9.6 ಬಂದರೆ ಒಡೆದು, ಪ್ರೆಸ್ ಮಾಡಿಸಿ, ಮತ್ತೆ ಕಳಿಸೋದು.

ಮಾವ: ಪ್ರೆಸ್ ಅಂದ್ರೆ ಇಸ್ತ್ರಿನಾ?

ಅಳಿಯ: ಹೆಚ್ಚುಕಡಿಮೆ. ಹದವಾದ ಬಿಸಿ, ಒತ್ತಡ. ಸಣ್ಣಪುಟ್ಟ ಉಬ್ಬು, ಬಣ್ಣ ಒಡೆಯದ ಮಡಿಕೆ ಹೋಗುತ್ತೆ.

ಮಾವ: ಬಣ್ಣ ತುಂಬಿದ್ರೆ ಪಾಪ, ಅಂಚು ಕತ್ತರಿಸಿದ್ರೆ ಮಹಾಪಾಪ, ಇಸ್ತ್ರಿ ಮಾಡಿದ್ರೆ?

ಅಳಿಯ: ಅದನ್ನ ರಿಪೇರಿ ಅಂತ ಲೆಕ್ಕ ಹಾಕಲ್ಲ. ಏನನ್ನೂ ಸೇರಿಸಿಲ್ಲ, ತೆಗೆದಿಲ್ಲ ಅನ್ನೋ ವಾದ. ಅದರ ಮೇಲೆ ಇವತ್ತಿಗೂ ಜಗಳ ನಡೀತಿದೆ. ನನ್ನನ್ನ ಕೇಳಿದ್ರೆ, ಮಾರೋನು ಪ್ರೆಸ್ ಮಾಡಿಸಲಿ, ಅವನ ಹೊಟ್ಟೆಪಾಡು. ಮಾರದವನು ಮಾಡಿಸೋದು ತನ್ನ ಪಾಡನ್ನ ತಾನೇ ಇಸ್ತ್ರಿ ಮಾಡ್ಕೊಂಡ ಹಾಗೆ. ಹೊಸ ಸಂಚಿಕೆಯನ್ನ ಅಂಗಡಿಯಿಂದ ನೇರ ಗ್ರೇಡಿಗೆ ಕಳಿಸೋರನ್ನ ಕಂಡ್ರೆ ನನಗೆ ಇನ್ನೂ ಬೇಸರ. ಆ ಪುಸ್ತಕಕ್ಕೆ ಇನ್ನೂ ಏನೂ ಆಗಿಲ್ಲ, ಅದರಲ್ಲಿ ತಿಳಿಯೋದು ಏನಿದೆ?

ಮಾವ: ಸಹಿ ಹಾಕಿಸಿದ್ದಕ್ಕೆ ಏನೋ ಹಳದಿ ಲೇಬಲ್ ಅಂತ ಮಗಳು ಹೇಳ್ತಿದ್ಳು.

ಅಳಿಯ: ಹೌದು, ಅದಕ್ಕೆ ಮಾತ್ರ ನಾನು ಪೂರ್ತಿ ಕೈ ಎತ್ತುತ್ತೀನಿ. ಮಾರ್ವೆಲ್‌ನ ಕಥೆಗಾರ ಸ್ಟ್ಯಾನ್ ಲೀ 2018ರಲ್ಲಿ ತೀರಿಕೊಂಡರು. ಸಾವಿರಾರು ಮುಖಪುಟಗಳ ಮೇಲೆ ಸಹಿ ಹಾಕಿದ್ದಾರೆ. ಅವರೇ ಹಾಕಿದ್ದು ಅನ್ನೋಕೆ ಈಗ ಯಾರನ್ನ ಕೇಳೋದು? ಸಹಿ ಹಾಕುವಾಗ ಕಂಪನಿಯ ಸಾಕ್ಷಿ ಪಕ್ಕದಲ್ಲೇ ನಿಂತು ನೋಡಿದ್ರೆ ಹಳದಿ ಲೇಬಲ್. ನೋಡದ ಸಹಿಯನ್ನ, ಅದು ನಿಜವಾದ್ದೇ ಆಗಿದ್ರೂ, ಮುಖಪುಟದ ಮೇಲೆ ಯಾರೋ ಗೀಚಿದ್ದು ಅಂತ ಎಣಿಸಬಹುದು. ಸ್ಟ್ಯಾನ್ ಲೀ ಎದುರು ಕ್ಯೂನಲ್ಲಿ ನಿಂತು ಸಹಿ ಹಾಕಿಸಿಕೊಂಡವನು ಅದನ್ನ ಸಾಯೋವರೆಗೂ ಮಾರಲ್ಲ. ಆದರೆ ಅವನ ಮಗ ‘ಅಪ್ಪ ನಿಜ ಹೇಳ್ತಿದ್ನಾ’ ಅಂತ ಯೋಚಿಸಬಾರದಲ್ಲ.

ಮಾವ: ಈಗ ಬಂದ್ರಿ ದಾರಿಗೆ. ನೀವು ಇಷ್ಟು ಹೊತ್ತು ಹೇಳಿದ್ದು ನಿಮ್ಮ ಸಮಾಧಾನದ ಮಾತು. ನಾನು ಕಾಯ್ತಾ ಇದ್ದದ್ದು ನೀವು ಇಲ್ಲದಾಗಿನ ಮಾತಿಗೆ. ಅಪಶಕುನ ಅಂದ್ಕೋಬೇಡಿ.

ಅಳಿಯ: ಇಲ್ಲ ಮಾವ, ಹೇಳಿ.

ಮಾವ: ಲಾಕರ್ ಹೋಲ್ಡರ್ ತೀರಿಕೊಂಡ ಮೇಲೆ ಮನೆಯವರನ್ನ ಕರೆಸಿ, ಸಾಕ್ಷಿ ಎದುರಿಗೆ ತೆರೆದು, ಒಳಗಿರೋದನ್ನ ಪಟ್ಟಿ ಮಾಡ್ತೀವಿ. ಚಿನ್ನ, ಪತ್ರ, ಅದರ ಜೊತೆ ಏನೇನೋ ಇರುತ್ತೆ. ಒಬ್ಬರ ಲಾಕರಿನಲ್ಲಿ ಹಳೇ ನಾಣ್ಯ ಸುತ್ತಿಟ್ಟ ಪೊಟ್ಟಣಗಳು. ಮಗ ಕೇಳ್ತಾನೆ, ‘ಇದಕ್ಕೆ ಏನಾದ್ರೂ ಬರುತ್ತಾ ಸಾರ್?’ ನನಗೇನು ಗೊತ್ತು? ಗೊತ್ತಿದ್ದವರು ಫೋಟೋ ಆಗಿ ಗೋಡೆ ಮೇಲಿದ್ರು. ಈ ಮನೆಯಲ್ಲಿ ನೆಲಮಾಳಿಗೆ ತುಂಬ ರಟ್ಟಿನ ಡಬ್ಬ ಇಟ್ಟಿದ್ದೀರಿ. ನನ್ನ ಮಗಳಿಗೆ ಅದರಲ್ಲಿ ಯಾವುದು ಐದು ಡಾಲರಿನದು, ಯಾವುದು ಐದು ಸಾವಿರದ್ದು ಗೊತ್ತಾ?

ಅಳಿಯ: ಗೊತ್ತಿಲ್ಲ. ನೀವು ಹೇಳೋದು ಕೇಳಿ ಕ್ಯಾಲಿಫೋರ್ನಿಯಾದ ಮೂವರು ಅಣ್ಣತಮ್ಮಂದಿರು ನೆನಪಾದ್ರು. ತಾಯಿ ‘ನನ್ನ ಹತ್ತಿರ ಬೆಲೆಬಾಳೋ ಕಾಮಿಕ್ಸ್ ಇದೆ’ ಅಂತ ಹೇಳ್ತಾನೇ ಇದ್ದರಂತೆ, ತೋರಿಸಿದ್ದಿಲ್ಲ. ಅವರು ಹೋದ ಮೇಲೆ ಮಕ್ಕಳು ಅಟ್ಟ ಖಾಲಿಮಾಡುವಾಗ ಹಳೇ ಪೇಪರಿನ ಕೆಳಗೆ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆ, 1939ರದ್ದು. ಗ್ರೇಡಿಗೆ ಹೋಯ್ತು, 9.0 ಬಂತು. 2025ರ ನವೆಂಬರಿನಲ್ಲಿ ಹರಾಜಾಯ್ತು, 91 ಲಕ್ಷ ಡಾಲರಿಗೂ ಮೇಲೆ.

ಮಾವ: ಲಕ್ಷ... ರೂಪಾಯಿಗೆ ಹಾಕಿದ್ರೆ? ಬೇಡ, ಬೇಡ, ಹೇಳಬೇಡಿ, ರಾತ್ರಿ ನಿದ್ದೆ ಬರಲ್ಲ. ಆ ಪೇಪರಿನ ಕಟ್ಟನ್ನ ಬಿಚ್ಚಿ ನೋಡದೆ ಕಸಕ್ಕೆ ಎಸೆದಿದ್ದರೆ?

ಅಳಿಯ: ಎಸೆದ ಮನೆಗಳ ಕಥೆ ಯಾರಿಗೂ ತಿಳಿಯಲ್ಲವಲ್ಲ. ಪ್ಲಾಸ್ಟಿಕ್ಕಿನೊಳಗೆ ಕೂತು, ಮೇಲೆ ಹೆಸರು, ಅಂಕ, ನಂಬರು ಇದ್ದರೆ ಏನೂ ಗೊತ್ತಿಲ್ಲದವರೂ ರದ್ದಿಗೆ ಹಾಕೋ ಮುಂಚೆ ಒಂದು ಕ್ಷಣ ನಿಲ್ತಾರೆ. ನಾನು ಇದಕ್ಕೆ ಖರ್ಚು ಮಾಡಿದ್ದರಲ್ಲಿ ಅರ್ಧ ಆ ಒಂದು ಕ್ಷಣಕ್ಕೆ. ಬೆಲೆ ಹೆಚ್ಚಿದಷ್ಟೂ ಫೀಸೂ ಹೆಚ್ಚು, ಆದ್ದರಿಂದ ಎಲ್ಲವನ್ನೂ ಕಳಿಸಲ್ಲ. ಕೈತಪ್ಪಿ ಹೋದರೆ ಹೊಟ್ಟೆ ಉರಿಯೋ ಅಂಥವು ಮಾತ್ರ.

ಮಾವ: ಹಾಗೆ ನೋಡಿದ್ರೆ ನಮ್ಮ ಕಡೆಯವು ಯಾರ ಪಟ್ಟಿಯಲ್ಲೂ ಇಲ್ಲ. ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ, ಗೊತ್ತಾ? ಅದರ ಸಂಪಾದಕ ಅನಂತ ಪೈ ಕಾರ್ಕಳದವರು, ಅದು ಎಲ್ಲರಿಗೂ ಗೊತ್ತು. ಆದರೆ 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ತಂದದ್ದು ಎಷ್ಟು ಜನಕ್ಕೆ ಗೊತ್ತು? ಮೊದಲ ಹತ್ತು ಸಿಂಡ್ರೆಲಾ ಥರದ ಪರದೇಶದ ಕಥೆಗಳು. ಅದಕ್ಕೇ ಇಂಗ್ಲಿಷಿನಲ್ಲಿ ‘ಕೃಷ್ಣ’ ಹನ್ನೊಂದನೇ ನಂಬರಿನಿಂದ ಶುರುವಾಗೋದು. ನಮ್ಮ ಮನೆಯಲ್ಲಿ ಒಂದೆರಡು ಇದ್ದವು. ಯಾವ ಮಳೆಗಾಲಕ್ಕೆ ಹೋದವೋ.

ಅಳಿಯ: ಬೈಂಡ್ ಆಗಿದ್ದವಾ?

ಮಾವ: ಆಗಿದ್ದರೆ ಉಳೀತಿದ್ದವು. ಅದನ್ನೇ ನಾನು ಹೇಳಿದ್ದು.

ಅಳಿಯ: (ನಕ್ಕು) ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಾವ: ಒಂದು ಕೇಳ್ತೀನಿ. ಒಳಕೋಣೆಯ ಕಪಾಟಿನಲ್ಲಿ ಮುಖಪುಟ ಇಲ್ಲದ ನಾಲ್ಕಾರು ಇಟ್ಟಿದ್ದೀರಲ್ಲ, ಮಗನಿಗೂ ಮುಟ್ಟೋಕೆ ಬಿಡಲ್ಲ. ಅವನ್ನ ಯಾಕೆ ಕಳಿಸಿಲ್ಲ?

ಅಳಿಯ: ಅವು ಅವೆನ್ಯೂ ರೋಡ್ ಫುಟ್‌ಪಾತಿನಲ್ಲಿ ಕೊಂಡದ್ದು, ನಾನು ಹೈಸ್ಕೂಲಿನಲ್ಲಿದ್ದಾಗ. ಮುಖಪುಟ ಆಗಲೇ ಇರಲಿಲ್ಲ. ಅರ್ಧ ಅಂಕ ಬಂದರೆ ಹೆಚ್ಚು.

ಮಾವ: ಅಂಕ ಕಡಿಮೆ ಬರುತ್ತೆ ಅಂತ ಕಳಿಸಿಲ್ವಾ? ಇಷ್ಟು ಹೊತ್ತು ಅಂಕಕ್ಕಲ್ಲ ಅಂತ ವಾದಿಸಿದ್ರಿ.

ಅಳಿಯ: ಅದಕ್ಕಲ್ಲ ಮಾವ. ಈ ಹಲ್ಕ್ ನನ್ನ ಕೈಗೆ ಬರೋ ಮುಂಚೆ ಎಲ್ಲೆಲ್ಲಿತ್ತು, ಯಾರು ಏನು ಮಾಡಿದ್ರು ನನಗೆ ಗೊತ್ತಿಲ್ಲ. ಮಾರಿದವನು ಹೇಳಿದ್ದನ್ನ ನಂಬಬೇಕು. ಅದಕ್ಕೆ ಇನ್ನೊಬ್ಬರ ಕಣ್ಣು ಬೇಕಾಯ್ತು. ಅವೆನ್ಯೂ ರೋಡಿನವು ಹಾಗಲ್ಲ. ಯಾವ ಪುಟದಲ್ಲಿ ಟೀ ಬಿದ್ದಿದ್ದು, ಯಾವ ಮೂಲೆ ನಮ್ಮ ತಮ್ಮ ಹರಿದದ್ದು, ಎಲ್ಲಾ ನನಗೆ ಗೊತ್ತು. ಫ್ಲಾರಿಡಾದವರು ಅದರಲ್ಲಿ ಹೊಸದಾಗಿ ಹೇಳೋದು ಏನೂ ಇಲ್ಲ.

ಮಾವ: ಗೊತ್ತಿರೋದು ನಿಮಗೆ. ಮತ್ತೆ ಅದೇ ಮಾತಿಗೆ ಬಂದ್ವಿ. ನೆಲಮಾಳಿಗೆಯ ಡಬ್ಬಗಳೂ ಹಾಗೇ ಇವೆ.

ಅಳಿಯ: ಹಾಗಾದರೆ ಏನು ಮಾಡಲಿ?

ಮಾವ: ಪಟ್ಟಿ ಮಾಡಿ. ಒಂದು ಲೆಡ್ಜರ್ ತನ್ನಿ, ಕಂಪ್ಯೂಟರಿನಲ್ಲಿ ಬೇಡ, ಅದರ ಪಾಸ್‌ವರ್ಡೂ ನಿಮ್ಮ ಜೊತೇನೇ ಹೋಗುತ್ತೆ. ಯಾವ ಡಬ್ಬ, ಏನಿದೆ, ಎಲ್ಲಿ ಕೊಂಡದ್ದು, ಯಾರನ್ನ ಕೇಳಬೇಕು.

ಅಳಿಯ: ‘ಮಾರಬಾರದು’ ಅಂತ ಮೇಲೆ ದೊಡ್ಡದಾಗಿ ಬರೀತೀನಿ.

ಮಾವ: ಅದೊಂದು ಬರೀಬೇಡಿ. ಉಯಿಲು ಬೇಕಾದಷ್ಟು ನೋಡಿದ್ದೀನಿ, ಆ ಸಾಲನ್ನ ಯಾರೂ ಪಾಲಿಸಲ್ಲ. ಎಷ್ಟಕ್ಕಿಂತ ಕಡಿಮೆಗೆ ಕೊಡಬಾರದು ಅಂತ ಬರೀರಿ, ಅದನ್ನ ಎಲ್ಲರೂ ಪಾಲಿಸ್ತಾರೆ.